ಎರಡನೇ ಮನೆಯ ಲೈಸೆನ್ಸು

ನಮ್ಮೂರಿನಲ್ಲಿ ಮನೆ ಮಾರುವುದಾದರೆ ಮನೆಗೆ ಹೇಳಿಯೇ ಮಾರಬೇಕು. ಹೇಳದೆ ಮಾರಿದರೆ ಅದು ಎದ್ದು ಹಳೆಯ ಯಜಮಾನರ ಹಿಂದೆ ಹೊರಟುಬಿಡುತ್ತದೆ. ಬೆಳ್ಳಿ ಕೆಲಸದ ಶೇಷಾಚಾರಿ ಹೀಗೆಯೇ ಅವಸರದಲ್ಲಿ ಮಾರಿದ. ಮೂರನೇ ದಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕನ್ನಡಿ ನೋಡಿದರೆ, ಬೆನ್ನ ಹಿಂದೆ ಬೀದಿಯಲ್ಲಿ ಅವನದೇ ಮನೆ. ಹೊಸ ಯಜಮಾನಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆಚಾರ್ರೇ, ಬೇಗ ಮುಗಿಸ್ಕೊಳಿ. ನಮ್ಮನೆಯೋರು ಊಟಕ್ಕೆ ಬಂದು ಹಳೇ ಜಾಗದಲ್ಲಿ ಹುಡುಕ್ತಿರ್ತಾರೆ" ಅಂದಳಂತೆ. ಇಂಥದ್ದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೇವೆ. ನಲ್ಲಿಗೆ ರಬ್ಬರ್ ಪೈಪು ಹಾಕಿಸುತ್ತೇವೆ, ಕರೆಂಟಿನ ವೈರನ್ನು ಹತ್ತು ಮಾರು ಹೆಚ್ಚಿಗೆ ಸುರುಳಿ ಸುತ್ತಿ ಬಿಡುತ್ತೇವೆ. ಲಗ್ನಪತ್ರಿಕೆಯಲ್ಲಿ ವಿಳಾಸದ ಕೆಳಗೆ "ಆ ದಿನ ಇದ್ದಲ್ಲಿ" ಎಂದು ಒಂದು ಸಾಲು ಹಾಕಿಸುವುದು ವಾಡಿಕೆ.

ಮನೆಗೆ ಹೇಳುವ ಕೆಲಸ ಲೈಸೆನ್ಸು ಇದ್ದವರದು. ವಾಸಕ್ಕೆ ಒಂದು ಮನೆ ಯಾರು ಬೇಕಾದರೂ ಕೊಳ್ಳಬಹುದು. ಯಾರೋ ಒಬ್ಬ ಲೈಸೆನ್ಸಿನ ಬ್ರೋಕರು ಬಂದು ಹೇಳಿ, ಕಮಿಷನ್ ತೆಗೆದುಕೊಂಡು ಹೋಗುತ್ತಾನೆ. ಆದರೆ ಬಾಡಿಗೆಗೆ ಕೊಡಲು ಎರಡನೇ ಮನೆ ಕೊಳ್ಳುವವರಿಗೆ ಸ್ವಂತ ಲೈಸೆನ್ಸೇ ಬೇಕು. ತನ್ನಲ್ಲಿ ಇರದವರನ್ನು ಯಜಮಾನರೆಂದು ಒಪ್ಪುವುದು ಮನೆಗೆ ಕಷ್ಟ. ಆ ಮಾತನ್ನು ಕೊಳ್ಳುವವರೇ ಎದುರು ನಿಂತು, ತಮ್ಮ ಬಾಯಿಂದಲೇ ಹೇಳಬೇಕು. ಇನ್ನೊಬ್ಬರ ಕೈಲಿ ಹೇಳಿಸುವಂತಿಲ್ಲ.

ನನಗೆ ಆ ಎರಡನೇ ಮನೆ ಬೇಕಾಗಿತ್ತು. ನಾನು ಆರನೇ ನಂಬರ್ ಬಸ್ಸಿನ ಕಂಡಕ್ಟರ್. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದು, ಎರಡು ತುತ್ತು ಉಂಡು, ಮತ್ತೆ ಸಂಜೆಯ ಪಾಳಿಗೆ ಹೋಗುವುದು ಆರು ವರ್ಷದಿಂದ ನಡೆದಿತ್ತು. ನನ್ನ ಗಂಡ ಮದುವೆ ಮನೆಗಳ ಅಡುಗೆಯವರು. ಲಗ್ನದ ತಿಂಗಳುಗಳಲ್ಲಿ ಅವರು ಇರುವ ಊರು ಯಾವುದೆಂದು ಕಳಿಸಿದ ಸಿಹಿಯ ಪೊಟ್ಟಣದಿಂದ ತಿಳಿಯಬೇಕು. ಹನ್ನೊಂದು ವರ್ಷದ ದೊಡ್ಡ ಮಗಳು ಕುಮುದ ಐದು ವರ್ಷದ ತಂಗಿಯನ್ನು ನೋಡಿಕೊಳ್ಳುತ್ತಿದ್ದಳು. ಚಿಕ್ಕವಳು ಪುಟ್ಟಿಗೆ ನಾನು ಭಾನುವಾರದ ಅಮ್ಮ. ಉಳಿದ ದಿನ ನಾನು ಹೊರಡುವಾಗಲೂ ಮಲಗಿರುತ್ತಿದ್ದಳು, ಮಧ್ಯಾಹ್ನ ಬಂದಾಗ ಶಾಲೆಯಲ್ಲಿರುತ್ತಿದ್ದಳು, ರಾತ್ರಿ ಬರುವಾಗಲೂ ಮಲಗಿರುತ್ತಿದ್ದಳು. ಒಂದು ಪುಟ್ಟ ಮನೆಯ ಬಾಡಿಗೆ ಬಂದರೂ ಸಂಜೆಯ ಪಾಳಿ ಬಿಡಬಹುದಿತ್ತು. ಲೆಕ್ಕ ಅಷ್ಟೇ, ಅದರಲ್ಲಿ ಗುಟ್ಟೇನೂ ಇಲ್ಲ.

ಮನೆಯೂ ತಾನಾಗಿಯೇ ಬಸ್ಸು ಹತ್ತಿ ಬಂತು ಎನ್ನಬೇಕು. ನಿವೃತ್ತ ಪೋಸ್ಟ್‌ಮ್ಯಾನ್ ಮುದ್ದವೀರಯ್ಯ ದಿನಾ ಬೆಳಗ್ಗೆ ಡಿಪೋ ಕ್ಯಾಂಟೀನಿನ ಕಾಫಿಗೆಂದು ನನ್ನ ಬಸ್ಸಿಗೆ ಹತ್ತುತ್ತಿದ್ದರು. ಒಂದು ದಿನ ಟಿಕೆಟ್ ಹರಿದುಕೊಡುವಾಗ ಹೇಳಿದರು: "ತಾಯೀ ದಾಕ್ಷಾಯಿಣಿ, ನಾನು ತಂಗಿ ಮನೆಗೆ ಹೊರಟೆ ಕಣವ್ವ. ಇಬ್ರೂ ಒಂದೇ ಒಲೆ ಮುಂದೆ ಕೂತು ಜಗಳ ಆಡೋಣ ಬಾ ಅಂತ ಕರೀತಾವ್ಳೆ. ಮನೆ ಕೊಟ್ಬಿಡಬೇಕು."

"ಯಾರಿಗ್ ಕೊಡ್ತಿದೀರಾ ಅಜ್ಜ?"

"ಆ ಬ್ರೋಕರ್ ಗಜೇಂದ್ರ ದಿನಾ ಬಂದು ಜಗಲಿ ಮೇಲೆ ಕೂತ್ಕೋತಾನೆ. ಲೈಸೆನ್ಸಿರೋ ಅವನ ಭಾವಮೈದನಿಗೆ ಬೇಕಂತೆ. ಈರುಳ್ಳಿ ತುಂಬ್ತಾನಂತೆ! ಮೂವತ್ತು ವರ್ಷ ನಾನು ಉಸಿರಾಡಿದ ಮನೇಲಿ ಈರುಳ್ಳಿ!"

"ನಂಗೆ ಕೊಡಿ" ಅಂದುಬಿಟ್ಟೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಜ್ಜ ಕಾಫಿ ಕುಡಿದು ವಾಪಸು ಬರುವವರೆಗೂ ಯೋಚಿಸಿ ಒಪ್ಪಿದರು. ಆದರೆ ತಂಗಿಗೆ ಮಾತು ಕೊಟ್ಟಾಗಿತ್ತು, ತಿಂಗಳ ಕೊನೆಗೆ ಹೊರಡಲೇಬೇಕು. ಅಷ್ಟರೊಳಗೆ ನನ್ನ ಕೈಯಲ್ಲಿ ಲೈಸೆನ್ಸು ಇದ್ದರೆ ಮನೆ ನನ್ನದು, ಇಲ್ಲದಿದ್ದರೆ ಈರುಳ್ಳಿಯದು. ಸೊಸೈಟಿಯವರೂ ಲೈಸೆನ್ಸು ತೋರಿಸಿದರೆ ಸಾಲ ಎಂದಿದ್ದರು.

ಮೊದಲು ಬರೆಯುವ ಪರೀಕ್ಷೆ. ಓದಲು ಬೇರೆ ಹೊತ್ತೆಲ್ಲಿದೆ? "ಮನೆ ಒಪ್ಪಿಗೆ ನಿಯಮಗಳು" ಎಂಬ ಪುಸ್ತಕವನ್ನು ಟಿಕೆಟ್ ಚೀಲದಲ್ಲಿಟ್ಟುಕೊಂಡು ಸ್ಟಾಪಿನಿಂದ ಸ್ಟಾಪಿಗೆ ಅರ್ಧರ್ಧ ಪುಟ ಓದಿದೆ. ಎರಡೇ ದಿನದಲ್ಲಿ ಇಡೀ ಬಸ್ಸು ನನ್ನ ಜೊತೆ ಓದತೊಡಗಿತು. ಹೂವಿನ ಬುಟ್ಟಿಯ ಗೌರಕ್ಕ ಪುಸ್ತಕ ಕಿತ್ತುಕೊಂಡು, "ಮಲಗಿರೋ ಮನೆಗೆ ನೋಟಿಸು ಓದಬಹುದಾ?" ಎಂದು ಕೇಳುವಳು. "ಓದಬಾರದು. ಮಧ್ಯಾಹ್ನ ಎರಡರಿಂದ ಮೂರು ಮನೆ ಮಲಗೋ ಹೊತ್ತು" ಎನ್ನುತ್ತಿದ್ದೆ. "ಸೋರೋ ಜಾಗ ಎಲ್ಲಿದೆ ಅಂತ ಕೊಳ್ಳೋರಿಗೆ ಯಾರು ಹೇಳಬೇಕು? ಮಾರೋರಾ, ಲೈಸೆನ್ಸಿನೋರಾ, ಮನೇನಾ?" ಈ ಪ್ರಶ್ನೆಗೆ ಬಸ್ಸು ಮೂರು ಪಕ್ಷವಾಗಿ ಮಾರ್ಕೆಟ್ಟಿನಿಂದ ಆಸ್ಪತ್ರೆಯವರೆಗೆ ಜಗಳವಾಡಿತು. ಸರಿಯುತ್ತರ, ಮೂವರೂ. ನಮ್ಮ ಡ್ರೈವರ್ ಹನೀಫ್ ಮುಂದಿನಿಂದ ಕೂಗುತ್ತಿದ್ದ: "ಅಕ್ಕಾ, ಆಗಲೇ ನಿಂತು ಎರಡು ನಿಮಿಷ ಆಯ್ತು. ರೈಟ್ ಅಂತೀರೋ, ಇಲ್ಲ ನಾನೂ ಬಂದು ಓದ್ಕೊಳ್ಲೋ?"

ಅರವತ್ತು ಬಂದರೆ ಪಾಸು. ನನಗೆ ಅರವತ್ತೊಂದು ಬಂತು. ಗೌರಕ್ಕ ಆ ದಿನ ಬಸ್ಸಿನ ಕನ್ನಡಿಗೆ ಒಂದು ಮೊಳ ಮಲ್ಲಿಗೆ ಕಟ್ಟಿದಳು.

ಉಳಿದದ್ದು ಬಾಯಿಮಾತಿನ ಪರೀಕ್ಷೆ. ನಿಜವಾದ ಮನೆಯೊಂದಕ್ಕೆ ನಿಜವಾಗಿ ಹೇಳಿ ಕೂರಿಸಬೇಕು. ಹೊರಡುವವರು ಯಾರು, ಬರುವವರು ಯಾರು, ಯಾತಕ್ಕೆ ಬರುತ್ತಾರೆ, ಈ ಮೂರನ್ನೂ ಸುಳ್ಳಿಲ್ಲದೆ ಹೇಳಬೇಕು. ಹಳೆಯ ಯಜಮಾನರು ಬೀದಿಯ ಮೂಲೆ ತಿರುಗುವವರೆಗೆ ಮನೆ ಅವರ ಹಿಂದೆ ಹೋಗಬಾರದು. ಒಪ್ಪಿದ ಮನೆ ಆಮೇಲೆ ಕೂರುತ್ತದೆ. ಕೂತಿತೆಂದು ಗೊತ್ತಾಗುವುದು ಹೊಸ್ತಿಲ ಕೆಳಗಿನಿಂದ ಒಂದು ಉಸಿರಿನಷ್ಟು ಧೂಳು ಹೊರಬಂದಾಗ. ಇದರಲ್ಲಿ ಫೇಲಾದರೆ ಮತ್ತೆ ಒಂದು ವರ್ಷ ಅರ್ಜಿ ಹಾಕುವಂತಿಲ್ಲ.

ಇಪ್ಪತ್ತೆಂಟನೇ ತಾರೀಕು ನನ್ನ ಸರದಿ. ಬೆಳಗಿನ ಪಾಳಿ ಮುಗಿಸಿ, ಸಂಜೆಗೆ ರಜೆ ಹಾಕಿ, ಯೂನಿಫಾರಂನಲ್ಲೇ ಹೋದೆ. ಬೆಳಗಿನ ಜಾವ ಮೂರೂವರೆಗೆ ಎದ್ದವಳಿಗೆ ಕಣ್ಣು ಉರಿಯುತ್ತಿತ್ತು, ಕಾಲು ಊದಿ ಚಪ್ಪಲಿಯ ಪಟ್ಟಿ ಬಿಗಿದಿತ್ತು. ಅದು ಹಳದಿ ಬಣ್ಣದ ಚಿಕ್ಕ ಹೆಂಚಿನ ಮನೆ. ಹೊರಡುವವರು ಅಚ್ಚಮ್ಮ ಟೀಚರು, ಬರುವವರು ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಪರೀಕ್ಷಕರು ವರದಾಚಾರ್ ಎಂಬುವರು. ತೆಳ್ಳಗೆ, ನೆಟ್ಟಗೆ, ಮಡಿಸಿದ ಕೊಡೆಯಂತೆ ಇದ್ದರು. ಕೈಯಲ್ಲೂ ಒಂದು ಕೊಡೆ ಇತ್ತು. ಬಾಗಿಲ ಮುಂದೆ ಚಪ್ಪಲಿಯನ್ನು ಜೋಡಿಸಿ ಬಿಟ್ಟು ಒಳಗೆ ಹೋಗಿ ಕುರ್ಚಿಯ ಮೇಲೆ ಕೂತರು. ಮನೆ ಉತ್ತರ ಕೊಡುವ ತೊಲೆಯ ಸದ್ದು ಕೇಳಬೇಕೆಂದರೆ ಪರೀಕ್ಷಕರು ಒಳಗೇ ಇರಬೇಕು. "ಶುರು ಮಾಡಿ" ಅಂದರು.

ನಾನು ಅಂಗಳದಲ್ಲಿ ನಿಂತು ಹೇಳಿದೆ. "ತಾಯೀ, ಟೀಚರಮ್ಮ ಹೊರಟಿದಾರೆ. ನಿನ್ನ ಮೇಲೆ ಬೇಜಾರಿಂದಲ್ಲ. ಅವರಿಗೆ ಮಂಡಿ ನೋವು, ನಿನಗೆ ಮೆಟ್ಟಿಲು ಜಾಸ್ತಿ. ಬರೋರು ಹೊಸಾ ಜೋಡಿ, ವಾಸಕ್ಕೇ ಬರ್ತಿದಾರೆ. ಹುಡುಗಿ ಅಚ್ಚುಕಟ್ಟು. ಹುಡುಗ ಸ್ನಾನ ಮಾಡುವಾಗ ಜೋರಾಗಿ ಹಾಡ್ತಾನೆ, ರಾಗ ಸರಿಯಿಲ್ಲ. ಸಹಿಸ್ಕೋಬೇಕು." ಒಳಗೆ ತೊಲೆ ಒಮ್ಮೆ ನರಳಿತು. ಒಂದು ಕಿಟಕಿ ಮುಚ್ಚಿ ಮತ್ತೆ ತೆರೆಯಿತು. ಅಚ್ಚಮ್ಮ ಟೀಚರು ಬಾಗಿಲ ಚೌಕಟ್ಟನ್ನು ಒಂದು ಸಲ ಸವರಿ, ಮೂಗು ಒರೆಸಿಕೊಂಡು, ಬೀದಿಗುಂಟ ನಡೆದರು. ಮನೆ ಅಲ್ಲಾಡಲಿಲ್ಲ. ಇಪ್ಪತ್ತು ಹೆಜ್ಜೆ ಹೋದರು, ಅಲ್ಲಾಡಲಿಲ್ಲ. ಮೂಲೆ ತಲುಪಿ ಕೆರೆಯ ಕಡೆಗೆ ತಿರುಗಿದರು. ಮನೆ ಇದ್ದಲ್ಲೇ ಇತ್ತು. ಇನ್ನು ಕೂರುವುದೊಂದೇ ಬಾಕಿ. ನನ್ನ ಎದೆ ತುಂಬಿ ಬಂತು, ತಲೆಯೊಳಗೆ ನಿದ್ದೆಯೂ ಸಂತೋಷವೂ ಒಂದರ ಮೇಲೊಂದು ಬಿದ್ದವು. ಆಗ ನನ್ನ ಕೈ ತಾನಾಗಿಯೇ ಎದ್ದು ಮನೆಯ ಗೋಡೆಯನ್ನು ಎರಡು ಸಲ ಪಟಪಟ ಬಡಿಯಿತು, ಬಾಯಿ "ರೈಟ್! ರೈಟ್!" ಅಂದಿತು.

ಮನೆ ಎದ್ದು ಹೊರಟಿತು.

ಟೀಚರ ಹಿಂದೆ ಅಲ್ಲ. ಅವರು ಕೆರೆಯ ಕಡೆ ಹೋದರೆ ಇದು ಮಾರ್ಕೆಟ್ಟಿನ ಕಡೆ ತಿರುಗಿತು. ನಾನು ಓಡಿ ಮೆಟ್ಟಿಲಿನ ಮೇಲೆ ಹಾರಿ, ಬಾಗಿಲ ಚಿಲಕ ಹಿಡಿದು ಜೋತುಬಿದ್ದೆ. ಒಳಗಿನಿಂದ ವರದಾಚಾರ್, "ಏನ್ರೀ ಇದು? ಇದು ನಿಯಮದಲ್ಲಿ ಇಲ್ಲ!" ಎಂದು ಕೂಗಿದರು. ಅವರ ಕುರ್ಚಿ ಹಜಾರದ ಈ ಗೋಡೆಯಿಂದ ಆ ಗೋಡೆಗೆ ಜಾರುತ್ತಿತ್ತು.

ಆಸ್ಪತ್ರೆಯ ಸ್ಟಾಪು ಬಂತು. ಅಭ್ಯಾಸಬಲ, "ಹೋಲ್ಡಾನ್" ಅಂದೆ. ಮನೆ ನಿಂತಿತು! ನಾನು ಇನ್ನೂ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಲಸಿನ ಹಣ್ಣು ಹೊತ್ತ ಮುದುಕಿಯೊಬ್ಬಳು ಮೆಟ್ಟಿಲಿಗೆ ಕಾಲಿಟ್ಟಳು. "ಮಾರ್ಕೆಟ್ಟಿಗೆ ಹೋಗ್ತದಾ ಮಗಾ?"

"ಅಜ್ಜೀ, ಇದು ಬಸ್ಸಲ್ಲ, ಮನೆ."

"ಮನೇನೇ ಅಂತ ಕಾಣ್ತದೆ. ಮಾರ್ಕೆಟ್ಟಿಗೆ ಹೋಗ್ತದಾ ಅಂತ ಕೇಳ್ದೆ."

ಹೋಗುತ್ತಿತ್ತಲ್ಲ, ಸುಳ್ಳು ಹೇಳುವುದು ಹೇಗೆ? ಅವಳು ಹತ್ತಿದಳು, ಅವಳ ಹಿಂದೆ ಇನ್ನಿಬ್ಬರು ಹತ್ತಿದರು, ಹತ್ತಿದ್ದೇ ತಡ ಮನೆ ಮತ್ತೆ ಹೊರಟಿತು. ಅಜ್ಜಿ ಹಣ್ಣನ್ನು ಪರೀಕ್ಷಕರ ಕಾಲ ಬಳಿ ಇಟ್ಟು, "ಸ್ವಲ್ಪ ಸರ್ಕೊಳಪ್ಪ" ಅಂದಳು. "ನಾನು ಪರೀಕ್ಷೆ ಮಾಡಕ್ಕೆ ಬಂದಿರೋದು ಕಣಮ್ಮ, ಪ್ಯಾಸೆಂಜರ್ ಅಲ್ಲ!" ಅಂದರು ಅವರು. "ಆಗ್ಲಿ ಬಿಡು, ಎಲ್ಲಾರೂ ಒಂದೊಂದು ಕೆಲಸಕ್ಕೇ ಬಂದಿರ್ತಾರೆ" ಅಂದಳು ಅಜ್ಜಿ. ಮಾರ್ಕೆಟ್ಟಿನಲ್ಲಿ ಅವರನ್ನೆಲ್ಲ ಇಳಿಸಿದ್ದಾಯಿತು. ಅಲ್ಲಿಂದ ಮುಂದಿನ ಗಲ್ಲಿ ಇಕ್ಕಟ್ಟು. ಎದುರಿನಿಂದ ಆರನೇ ನಂಬರ್ ಬಸ್ಸು ಬಂತು. ಹನೀಫ್ ಬ್ರೇಕು ಹಾಕಿ ತಲೆ ಹೊರಗೆ ಹಾಕಿದ.

"ಅಕ್ಕಾ, ಲೀವು ಅಂದಿದ್ರಿ?"

"ಹನೀಫಣ್ಣ, ಬಸ್ಸು ಹಿಂದಕ್ಕೆ ತಗೋ, ಪುಣ್ಯ ಬರುತ್ತೆ."

"ನನ್ನ ಹಿಂದೆ ನಾಲ್ಕು ಗಾಡಿ ಇದಾವೆ. ನೀವೇ ಮನೆ ಹಿಂದಕ್ಕೆ ತಗೊಳ್ಳಿ."

ಅವನು ತಮಾಷೆಗೆ ಅಂದದ್ದು. ನನಗೆ ಮಾತ್ರ ದೇವರೇ ಬಂದು ಹೇಳಿದಂತಾಯಿತು. ಮೆಟ್ಟಿಲಿನಿಂದ ಇಳಿದು ಮನೆಯ ಹಿಂಬದಿಗೆ ಓಡಿದೆ. ಬಚ್ಚಲಿನ ಹೊಗೆಗೂಡಿನ ಕೆಳಗೆ ನಿಂತು, ಕೈ ಬೀಸಿ ಶುರುಮಾಡಿದೆ: "ಬರ್ಲಿ, ಬರ್ಲಿ, ಬರ್ಲಿ... ಎಡಕ್ಕೆ ಸ್ವಲ್ಪ... ಕಂಬ ಇದೆ, ಕಂಬ ಇದೆ... ಬರ್ಲಿ!" ಮನೆ ಹಿಂದಕ್ಕೆ ಬಂತು. ಮಾರ್ಕೆಟ್ಟು ದಾಟಿ, ಆಸ್ಪತ್ರೆ ದಾಟಿ, ಅರ್ಧ ಮೈಲಿ ಹಿಂದಕ್ಕೇ ನಡೆದು ಬಂತು. ಬೀದಿಯ ಇಕ್ಕೆಲದಲ್ಲೂ ಜನ ನಿಂತು ನಾನು ಹೇಳುವುದಕ್ಕೆ ಮೊದಲೇ "ಬರ್ಲಿ ಬರ್ಲಿ" ಎನ್ನುತ್ತಿದ್ದರು. ಹಳೆಯ ಜಾಗದಲ್ಲಿ ಮನೆಯಷ್ಟಗಲ ಬೋಳು ನೆಲ, ಅದರ ಅಂಚಿನಲ್ಲಿ ವರದಾಚಾರ್ ಅವರ ಚಪ್ಪಲಿ, ಒಂದು ಕಡೆ ಬಾಯಿ ತೆರೆದು ನಿಂತ ಹೊಸ ಜೋಡಿ. "ಸಾಕ್, ಸಾಕ್, ಸಾಕ್!" ಅಂದೆ. ನಿಂತಿತು.

ನಿಂತಿತು ನಿಜ, ಕೂರಲಿಲ್ಲ. ಕುದುರೆ ನಿಂತಲ್ಲೇ ಕಾಲು ಬದಲಿಸುವಂತೆ ಈ ಮೂಲೆ ಆ ಮೂಲೆ ಎತ್ತುತ್ತಿತ್ತು. ಪುಸ್ತಕದಲ್ಲಿ ಇದಕ್ಕೆ ನಿಯಮ ಇರಲಿಲ್ಲ. ಸುಸ್ತಾಗಿ ಹಣೆಯನ್ನು ಗೋಡೆಗೆ ಆನಿಸಿದೆ. "ತಪ್ಪು ನಂದು ತಾಯಿ" ಅಂದೆ. "ಹೋಗು ಅಂತ ಹೇಳಿದ್ದಲ್ಲ. ದಿನಕ್ಕೆ ಮುನ್ನೂರು ಸಲ ಬಾಯಲ್ಲಿ ಬರೋ ಮಾತು, ಬಂದ್ಬಿಡ್ತು. ಬೆಳಗಿಂದ ನಿಂತೇ ಇದೀನಿ. ನೀನು ಕೂತರೆ ನಾನೂ ಎಲ್ಲಾದರೂ ಒಂದು ಘಳಿಗೆ ಕೂರ್ತೀನಿ."

ಹೊಸ್ತಿಲ ಕೆಳಗಿನಿಂದ ಧೂಳು ಬಂತು. ಮನೆ ಕೂತಿತು, ವರದಾಚಾರ್ ಅವರ ಎಡಗಾಲಿನ ಚಪ್ಪಲಿಯ ಮೇಲೆ.

ಅವರು ಹೊರಗೆ ಬಂದರು. ಒಂದೇ ಚಪ್ಪಲಿ ಕಂಡು, ಅದನ್ನು ಮೆಟ್ಟಿ, ಇನ್ನೊಂದು ಕಾಲನ್ನು ಅದರ ಮೇಲಿಟ್ಟುಕೊಂಡು ಕೊಕ್ಕರೆಯಂತೆ ನಿಂತು ಬರೆಯತೊಡಗಿದರು. ಬಹಳ ಹೊತ್ತು ಬರೆದರು. ಈರುಳ್ಳಿಯ ಮೂಟೆಗಳು ನನ್ನ ಕಣ್ಣ ಮುಂದೆ ಬಂದವು.

"ನಿಯಮ ಹದಿನಾಲ್ಕು" ಎಂದರು ಕೊನೆಗೆ. "ಮನೆ ಹಳೇ ಯಜಮಾನರ ಹಿಂದೆ ಹೋಗತಕ್ಕದ್ದಲ್ಲ. ಹೋಗಿದೆಯೇ?"

"ಇಲ್ಲ ಸರ್."

"ಹೌದು, ಹೋಗಿಲ್ಲ. ಬೇರೆ ಕಡೆ ಹೋಗಬಾರದು ಅಂತ ಎಲ್ಲೂ ಬರೆದಿಲ್ಲ. ಇನ್ನು ಮೇಲೆ ಬರೀತೀವಿ." ಕೆಂಪು ಮಸಿಯಲ್ಲಿ ನನ್ನ ಲೈಸೆನ್ಸಿನ ಮೇಲೆ ಒಂದು ಸಾಲು ಗೀಚಿದರು: ಇವರು ಮನೆಯ ಗೋಡೆ ತಟ್ಟಕೂಡದು. ಸಹಿ ಹಾಕಿ, ಕೊಡೆ ಊರಿಕೊಂಡು, ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಗಂಭೀರವಾಗಿ ನಡೆದುಹೋದರು. ಎಡಗಾಲಿನದು ಇಂದಿಗೂ ಆ ಮನೆಯ ಕೆಳಗಿದೆ.

ಮೂವತ್ತನೇ ತಾರೀಕು ಮುದ್ದವೀರಯ್ಯನವರ ಮನೆಗೆ ಹೋದೆ. ಗಜೇಂದ್ರ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. "ಬನ್ನಿ ಕಂಡಕ್ಟ್ರಮ್ಮ. ಮಾರ್ಕೆಟ್ಟಿಗೆ ಎಷ್ಟು ಟಿಕೆಟ್ಟು?" ಎಂದು ನಕ್ಕ. ಕೆಳಗಿಳಿದು ಮತ್ತೆ ಅಂದ: "ಲೈಸೆನ್ಸು ಕಾಗದ ಅಷ್ಟೇ. ಇದು ಮೂವತ್ತು ವರ್ಷ ಒಬ್ಬನ ಜೊತೆ ಇದ್ದ ಮನೆ. ಇರಕ್ಕೆ ಬರಲ್ಲ ಅನ್ನೋರನ್ನ ಒಪ್ಪುತ್ತಾ ನೋಡೋಣ. ನಾನು ಇಲ್ಲೇ ಇರ್ತೀನಿ."

ಅಜ್ಜ ಗಂಟು ಹಿಡಿದು ಹೊರಬಂದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಯಾವತ್ತೋ ಒಂದಿನ ಬಂದು ಇರ್ತೀನಿ ಅಂತ ಒಂದು ಮಾತು ಹೇಳ್ಬಿಡವ್ವ. ಅದಕ್ಕೂ ಸಮಾಧಾನ, ನನಗೂ ಸಮಾಧಾನ. ಈರುಳ್ಳಿ ತಪ್ಪಿದರೆ ಸಾಕು."

ಸುಲಭದ ಮಾತು. ಆ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಪುಟ್ಟಿಗೆ "ಇವತ್ತು ಬೇಗ ಬರ್ತೀನಿ" ಎಂದು ಎಷ್ಟು ಬೆಳಗ್ಗೆ ಅವಳ ಮಲಗಿದ ಕಿವಿಯಲ್ಲಿ ಹೇಳಿ ಹೋಗಿರಲಿಲ್ಲ? ಆಮೇಲಾಮೇಲೆ ಹೇಳುವುದನ್ನೇ ಬಿಟ್ಟಿದ್ದೆ. ಮನೆಯ ಮುಂದೆ ನಿಂತು ಇದ್ದದ್ದನ್ನೇ ಹೇಳಿದೆ.

"ತಾಯೀ, ಅಜ್ಜ ಹೊರಟರು. ಕೊಳ್ತಿರೋಳು ನಾನು. ನಾನು ನಿನ್ನಲ್ಲಿ ಇರಲ್ಲ. ಈಗಲೂ ಇಲ್ಲ, ಮುಂದೂ ಇಲ್ಲ. ನಿನ್ನ ಎರಡು ಭಾಗನೂ ಬಾಡಿಗೆಗೆ ಕೊಡ್ತೀನಿ. ಆ ಬಾಡಿಗೇಲಿ ನಾನು ಸಂಜೆ ನನ್ನ ಮಕ್ಕಳ ಹತ್ರ ಇರ್ತೀನಿ. ಲಾಭಕ್ಕೇ ಕೊಳ್ತಿರೋದು, ಮುಚ್ಚುಮರೆ ಇಲ್ಲ. ಹೆಂಚು ಒಡೆದರೆ ಹಾಕಿಸ್ತೀನಿ. ಮಳೆಗೆ ಮುಂಚೆ ಬಂದು ನೋಡ್ತೀನಿ. ಕತ್ತಲೆ ಮಾಡಿ ಮೂಟೆ ತುಂಬಲ್ಲ, ಸಂಸಾರಸ್ಥರನ್ನೇ ಕರಕೊಂಡು ಬರ್ತೀನಿ. ಇಷ್ಟು ನನ್ನ ಕೈಲಾಗುತ್ತೆ."

ಅಜ್ಜ ತಲೆ ಅಲ್ಲಾಡಿಸಿ ನಡೆದರು. ಮನೆ ಎದ್ದಿತು. ನಾಲ್ಕು ಹೆಜ್ಜೆ ಅವರ ಹಿಂದೆ ಹೋಯಿತು. ಗಜೇಂದ್ರ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ತುಟಿ ಕಚ್ಚಿ ನಿಂತೆ. ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಅಜ್ಜ ತಿರುಗಿ ನೋಡಿ, "ಏ, ನಿಂಗೇನು ಅಲ್ಲಿ ಕೆಲಸ? ನನ್ನ ತಂಗಿ ನನ್ನೊಬ್ಬನನ್ನೇ ಕರೆದಿರೋದು. ಹೋಗು" ಅಂದರು. ಗದರಿದ ದನಿಯೇನೋ ಸರಿ, ಆದರೆ ಕೊನೆಯಲ್ಲಿ ಸ್ವಲ್ಪ ಒಡೆಯಿತು. ಅವರು ಮೂಲೆ ತಿರುಗಿದರು. ಮನೆ ಬೀದಿಯ ನಡುವೆ ನಿಂತೇ ಇತ್ತು. ಒಂದು ಎಮ್ಮೆ ಅದನ್ನು ಸುತ್ತಿ ಬಳಸಿ ಹೋಯಿತು. ಎಷ್ಟು ಹೊತ್ತೋ ಏನೋ, ಆಮೇಲೆ ತಾನೇ ತಿರುಗಿ, ನಾಲ್ಕು ಹೆಜ್ಜೆ ವಾಪಸು ಬಂದು ಕೂತಿತು. ಮೊದಲಿನಂತೆ ನೇರ ಅಲ್ಲ. ಒಪ್ಪಿದ್ದೇನೆ, ಆದರೆ ಈಗಲೇ ಮಾತಾಡಿಸಬೇಡ ಎನ್ನುವವರ ಹಾಗೆ ಮುಖ ಒಂದಿಷ್ಟು ಆಚೆ ತಿರುಗಿಸಿಕೊಂಡು.

"ಸೊಟ್ಟ ಕೂತಿದೆ" ಅಂದ ಗಜೇಂದ್ರ.

"ಕೂತಿದೆಯಲ್ಲ" ಅಂದೆ.

ಬಾಡಿಗೆಗೆ ಒಂದು ಕಡೆ ಬೇಕರಿಯವರ ಸಂಸಾರ, ಇನ್ನೊಂದು ಕಡೆ ಇಬ್ಬರು ನರ್ಸಮ್ಮಂದಿರು ಬಂದರು. ಸಂಜೆಯ ಪಾಳಿ ಬಿಡುತ್ತೇನೆಂದು ಡಿಪೋಗೆ ಬರೆದುಕೊಟ್ಟೆ. ಮೊದಲ ದಿನ ಐದೂವರೆಯಾದರೂ ಮನೆಯಲ್ಲೇ ಇದ್ದೆ. ಕುಮುದ ನನ್ನನ್ನು ಅನುಮಾನದಿಂದ ನೋಡಿದಳು.

"ಬಸ್ಸು ಕೆಟ್ಟೋಯ್ತಾ?"

"ಇಲ್ಲ."

"ನಿನ್ನ ಕೆಲಸ ಹೋಯ್ತಾ?"

"ಅರ್ಧ ಹೋಯ್ತು."

ಪುಟ್ಟಿ ಬೆರಳು ಮಡಿಸಿ ಎಣಿಸಿ, "ಇವತ್ತು ಭಾನುವಾರ ಅಲ್ಲ" ಎಂದು ತಂಟೆ ತೆಗೆದಳು. ಅವಳಿಗೆ ಜಡೆ ಹಾಕಲು ಕೂರಿಸಿಕೊಂಡೆ. ಗಡಿಯಾರ ಆರು ಹೊಡೆಯಿತು. ಕಾಲ ಕೆಳಗೆ ನೆಲ ಮೆಲ್ಲಗೆ ಸರಿದಂತಾಯಿತು. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿದವು. ನಾನು ಬೆಚ್ಚಿ ಬಾಚಣಿಗೆ ಬಿಟ್ಟೆ.

"ಅಯ್ಯೋ, ಹೆದರ್ಕೋಬೇಡಮ್ಮ" ಅಂದಳು ಕುಮುದ, ಹೋಂವರ್ಕಿನಿಂದ ತಲೆ ಎತ್ತದೆ. "ದಿನಾ ಈ ಹೊತ್ತಿಗೆ ನಮ್ಮನೆ ಬಸ್‌ಸ್ಟ್ಯಾಂಡ್ ರೋಡಿನ ಕಡೆಗೆ ತಿರುಗಿ ಕೂತ್ಕೊಳುತ್ತೆ. ನೀನು ಬರೋದು ಕಂಡ್ಮೇಲೆ ಸರಿಯಾಗುತ್ತೆ."

"ನಂಗೆ ಯಾಕೆ ಹೇಳಿಲ್ಲ?"

"ನೀನು ಯಾವತ್ತು ಇದ್ದೆ, ಹೇಳಕ್ಕೆ?"

ಭಾನುವಾರ ಇದ್ದೆನಲ್ಲ ಎಂದುಕೊಂಡೆ. ಭಾನುವಾರ ಅದಕ್ಕೆ ತಿರುಗುವ ಕೆಲಸವಿರಲಿಲ್ಲ. ನೆಲ ಇನ್ನೂ ಸರಿಯುತ್ತಿತ್ತು. ಕಿಟಕಿಯಲ್ಲಿ ಪಕ್ಕದ ಮನೆಯ ಗೋಡೆ ಹೋಗಿ ದೂರದ ರಸ್ತೆ ಒಂದು ಚೂರು ಕಾಣಿಸಿತು. ಪುಟ್ಟಿ ಅರ್ಧ ಜಡೆಯಲ್ಲೇ ನನ್ನ ತೊಡೆಯಿಂದ ಎದ್ದು ಹೋದಳು. ಗೋಡೆಗೆ ಬಾಯಿ ತಾಗಿಸಿ, ಗುಟ್ಟು ಹೇಳುವವಳಂತೆ ಎರಡೂ ಕೈ ಮರೆಮಾಡಿ ಅಂದಳು:

"ಅಲ್ಲಿ ನೋಡ್ಬೇಡ. ಅಮ್ಮ ಒಳಗಿದಾಳೆ."